ಅಪ್‌ಗ್ರೇಡ್ ಮುಗಿದ ಮೇಲೆ ಇಟಿಸಿಯಲ್ಲಿ ಉಳಿದವರು

ಡೆಬಿಯನ್ ಎಂಬ ಲಿನಕ್ಸ್‌ನ 12ನೇ ಆವೃತ್ತಿಯಲ್ಲಿದ್ದ ನಮ್ಮ ಸರ್ವರ್‌ಗಳನ್ನು ಒಂದೊಂದಾಗಿ 13ಕ್ಕೆ ಏರಿಸುತ್ತಿದ್ದೇನೆ. ಜೊತೆಯವರಿಗೆಲ್ಲ ಕರ್ನಲ್, ಡೇಟಾಬೇಸ್ ಚಿಂತೆ. ನನಗೆ ಕಾನ್ಫಿಗ್ (ಸೆಟ್ಟಿಂಗ್) ಫೈಲುಗಳಿರುವ ಇಟಿಸಿ (/etc) ಡೈರೆಕ್ಟರಿಯದು.

ನಾವು ತಿದ್ದಿದ ಕಾನ್ಫಿಗ್ ಫೈಲನ್ನು, ಪ್ಯಾಕೇಜ್‌ಗಳನ್ನು ಹಾಕಿ ತೆಗೆಯುವ ಡಿಪಿಕೆಜಿ (dpkg) ಕೇಳದೆ ಮುಟ್ಟುವುದಿಲ್ಲ. ಪ್ಯಾಕೇಜ್ ಜೊತೆ ಬಂದ ಫೈಲಿನ ಎಂಡಿ5 (ಒಳಗಿರುವುದರಿಂದ ಲೆಕ್ಕಹಾಕಿದ ಗುರುತು) ಬರೆದಿಟ್ಟುಕೊಂಡು, ಹೊಸ ಆವೃತ್ತಿ ಬಂದಾಗ ತಾಳೆ ನೋಡುತ್ತದೆ. ನಾವು ತಿದ್ದಿರದಿದ್ದರೆ ಸುಮ್ನೆ ಹೊಸದನ್ನು ಹಾಕುತ್ತದೆ. ಎರಡೂ ಕಡೆ ಬದಲಾಗಿದ್ದರೆ ಕೇಳುತ್ತದೆ. ಎಂಟರ್ ಒತ್ತಿದರೆ ನಮ್ಮದೇ ಉಳಿಯುತ್ತದೆ. ಹೊಸದು 'ಡಿಪಿಕೆಜಿ-ಡಿಸ್ಟ್' ಅನ್ನುವ ಬಾಲ ಹಚ್ಚಿಕೊಂಡು ಪಕ್ಕದಲ್ಲಿ ಕೂರುತ್ತದೆ.

ತೊಡಕು ಬರುವುದು ಹೊಸ ಆವೃತ್ತಿಯಲ್ಲಿ ಆ ಫೈಲೇ ಇಲ್ಲದಾಗ. ಡಿಪಿಕೆಜಿ ಅದನ್ನು ಅಳಿಸುವುದಿಲ್ಲ. ತನ್ನ ಲೆಕ್ಕದಲ್ಲಿ 'ಅಬ್ಸೊಲೀಟ್' (obsolete, ಬಳಕೆ ಮುಗಿದದ್ದು) ಅಂತ ಬರೆದು ಬಿಟ್ಟುಬಿಡುತ್ತದೆ. ಪ್ಯಾಕೇಜ್ ಮಾಡಿದವರು ತಮ್ಮ ಸ್ಕ್ರಿಪ್ಟ್‌ನಲ್ಲಿ ಹೇಳಿದ್ದರೆ ಮಾತ್ರ ಹೋಗುತ್ತದೆ, ಎಲ್ಲರೂ ಹೇಳಿರುವುದಿಲ್ಲ. ಪ್ಯಾಕೇಜನ್ನು ರಿಮೂವ್ ಮಾಡಿದಾಗಲೂ ಅಷ್ಟೇ, ಪರ್ಜ್ (ಕಾನ್ಫಿಗ್ ಸಮೇತ ಅಳಿಸುವುದು) ಮಾಡುವ ತನಕ ಕಾನ್ಫಿಗ್ ಉಳಿಯುತ್ತದೆ. ಡಿಪಿಕೆಜಿ ಪಟ್ಟಿಯಲ್ಲಿ 'ಆರ್‌ಸಿ' ಅಂತ ಕಾಣುವುದು ಇಂಥವೇ.

ನಾಲ್ಕು ಕೆಬಿ ಫೈಲು, ಇದ್ದರೆ ಇರಲಿ ಅನ್ನುವವರು ಜಾಸ್ತಿ. ಆದರೆ ಅದನ್ನು ಓದುವವರು ಇನ್ನೂ ಇದ್ದಾರಲ್ವಾ? ಲಾಗ್‌ರೊಟೇಟ್.ಡಿ ಒಳಗಿನ ಹಳೇ ಫೈಲನ್ನು, ಲಾಗ್‌ಗಳನ್ನು ಆಗಾಗ ಸರಿಸಿ ಹೊಸದು ಶುರುಮಾಡುವ ಲಾಗ್‌ರೊಟೇಟ್ ಓದೇ ಓದುತ್ತದೆ. ಹೊಸ ಹೆಸರಿನ ಫೈಲೂ ಅದೇ ಲಾಗನ್ನು ತೋರಿಸಿದರೆ 'ಡೂಪ್ಲಿಕೇಟ್ ಲಾಗ್ ಎಂಟ್ರಿ' ಅಂತ ಎರರ್ ಬರುತ್ತದೆ. 'ಡಿಪಿಕೆಜಿ-ಓಲ್ಡ್' ಬಾಲದವನ್ನಾದರೆ ಅದು ತಾನಾಗಿ ಬಿಡುತ್ತದೆ. ವೆಬ್ ಸರ್ವರ್ ಎಂಜಿನ್‌ಎಕ್ಸ್‌ಗೆ ಆ ಭೇದವಿಲ್ಲ. ಡೆಬಿಯನ್‌ನಲ್ಲಿ ಸೈಟ್ಸ್-ಎನೇಬಲ್ಡ್ ಒಳಗೆ ಏನಿದ್ದರೂ ಓದುತ್ತದೆ. ಬ್ಯಾಕಪ್ ಪ್ರತಿಗಳನ್ನು ದಯವಿಟ್ಟು ಅಲ್ಲಿಡಬೇಡಿ.

ಓದುವವರೇ ಎದ್ದುಹೋದ ಫೈಲೂ ಇದೆ. ಡೆಬಿಯನ್ 13ರಲ್ಲಿ ಬೂಟ್ ನಡೆಸುವ ಸಿಸ್ಟಮ್‌ಡಿ ಈಗ ಕರ್ನಲ್ ಸೆಟ್ಟಿಂಗ್‌ಗಳ ಫೈಲಾದ ಸಿಸ್‌ಸಿಟಿಎಲ್.ಕಾನ್ಫ್ ಅನ್ನು ಓದುವುದಿಲ್ಲ. ನೀವು ಬರೆದ ಸಾಲುಗಳು ಅಲ್ಲೇ ಇರುತ್ತವೆ, ರೀಬೂಟ್ ಆದಮೇಲೆ ಒಂದೂ ಜಾರಿಗೆ ಬರುವುದಿಲ್ಲ. ಐಪಿ ಫಾರ್ವರ್ಡಿಂಗ್ (ಬೇರೆಯವರ ಪ್ಯಾಕೆಟ್‌ಗಳನ್ನು ಮುಂದಕ್ಕೆ ದಾಟಿಸುವುದು) ನಂಬಿದ ವಿಪಿಎನ್ ಸರ್ವರ್ ಆದರೆ ತಲೆನೋವು. ಸಿಸ್‌ಸಿಟಿಎಲ್.ಡಿ ಒಳಗೆ 'ಕಾನ್ಫ್' ಎಂದು ಕೊನೆಯಾಗುವ ಒಂದು ಫೈಲು ಮಾಡಿ, ಆ ಸಾಲುಗಳನ್ನು ಅಲ್ಲಿಗೆ ಸಾಗಿಸಿ.

ಡಿಪಿಕೆಜಿ-ಕ್ವೆರಿಗೆ ಕಾನ್ಫ್‌ಫೈಲ್ಸ್ ಪಟ್ಟಿ ಕೇಳಿ, 'ಅಬ್ಸೊಲೀಟ್' ಅಂತ ಗ್ರೆಪ್ ಮಾಡಿದರೆ (ಹುಡುಕಿದರೆ) ಹೀಗೆ ಉಳಿದವೆಲ್ಲ ಸಿಗುತ್ತವೆ. ನಾನು ಮೊದಲು ನೋಡುವುದು ಕ್ರಾನ್.ಡಿ, ಲಾಗ್‌ರೊಟೇಟ್.ಡಿಯಂಥ ಹಂಚಿಕೆಯ ಡೈರೆಕ್ಟರಿಗಳನ್ನು. 'ಆರ್‌ಸಿ' ಇರುವುದನ್ನೆಲ್ಲ ಒಂದೇ ಏಟಿಗೆ ಪರ್ಜ್ ಮಾಡುವ ಸಲಹೆ ಮಾತ್ರ ನನಗೆ ಒಗ್ಗದು. ಆ ಪಟ್ಟಿಯಲ್ಲಿ ಹಳೇ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದರೆ, ಡೇಟಾ ಡೈರೆಕ್ಟರಿಯನ್ನೂ ತೆಗೆಯಲಾ ಅಂತ ಅದು ಕೇಳುತ್ತದೆ. ಪ್ರಶ್ನೆ ಓದದೆ ಎಸ್ ಒತ್ತುವವರು ಪ್ರತಿ ಆಫೀಸಿನಲ್ಲೂ ಇದ್ದಾರೆ.