ಯಾವ ದೇಸಾಯಿ?

ಈ ಭಾನುವಾರ ಸೇಡಂ ರಸ್ತೆ ಕಡೆ ಬಾಡಿಗೆ ಮನೆ ನೋಡಲು ಹೋಗಿದ್ದೆವು. ಮನೆ ಹಿಡಿಸಿತು. ನಲ್ಲಿ ನೀರು, ಬೋರ್ ಎರಡೂ ಇದ್ದವು. ಬಾಡಿಗೆ ಮಾತೂ ಮುಗಿದಿತ್ತು. ಆಮೇಲೆ ಮನೆಯಾಕೆ ನನ್ನ ಹೆಸರು ಕೇಳಿದರು.

“ದೇಸಾಯಿ ಅಂದ್ರ ಯಾವ ದೇಸಾಯರ್ರಿ?”

“ಹಂಗಂದ್ರ ಏನ್ರಿ ಅಮ್ಮಾ?”

“ಲಿಂಗಾಯತರೋ, ಬ್ರಾಹ್ಮಣರೋ ಅಂತ.”

ಹೇಳಿಬಿಟ್ಟೆ. ಅವರ ಮುಖ ಅರಳಿತು. ಒಳಗೆ ಕರೆದು ಚಹಾ ಕೊಟ್ಟರು. “ಮೊನ್ನೆ ಒಬ್ರು ಬಂದಿದ್ರು, ಅಡ್ಡಹೆಸರು ಕೇಳಿ ಮನಿ ಖಾಲಿ ಇಲ್ಲ ಅಂದ್ವಿ” ಅಂತಲೂ ಹೇಳಿದರು. ಕೆಟ್ಟ ಹೆಂಗಸಲ್ಲ. ಬಿಸಿಲಲ್ಲಿ ಬಂದಿದ್ದೀರಿ ಅಂತ ಫ್ಯಾನ್ ನನ್ನ ಕಡೆ ತಿರುಗಿಸಿದವರು. ಆದರೆ ಆ ಚಹಾ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಯಾವ ದೇಸಾಯರ್ರಿ? ನಾನ್ಯಾಕೆ ಅಷ್ಟು ಬೇಗ ಉತ್ತರ ಕೊಟ್ಟೆ?

ದೇಸಾಯಿ ಜಾತಿಯ ಹೆಸರೇ ಅಲ್ಲ. ಹಿಂದೆ ಕಂದಾಯ ವಸೂಲಿ ನೋಡುತ್ತಿದ್ದವರ ಹುದ್ದೆ ಅದು. ಹುದ್ದೆ ಹೋಯಿತು, ಹೆಸರು ಮನೆತನಕ್ಕೆ ಉಳಿಯಿತು. ಹಳಿಯಾಳದ ಶಾಂತಿನಾಥ ದೇಸಾಯಿ ಜೈನರು. ಅವರ ‘ಓಂ ಣಮೋ’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 2000ದಲ್ಲಿ, ಅವರು ತೀರಿಕೊಂಡ ಮೇಲೆ. ಇಂಗ್ಲಿಷ್ ಕಾದಂಬರಿಗಾರ್ತಿ ಅನಿತಾ ದೇಸಾಯಿ ಅವರ ತಾಯಿ ಜರ್ಮನ್, ತಂದೆ ಬಂಗಾಳಿ. ದೇಸಾಯಿ ಅನ್ನೋದು ಅವರಿಗೆ ಮದುವೆಯಿಂದ ಬಂತು, ನನಗೆ ಬಂದ ಹಾಗೆಯೇ. ಮೂರು ಸಲ ಬೂಕರ್ ಪ್ರಶಸ್ತಿಯ ಕೊನೆಯ ಪಟ್ಟಿಯವರೆಗೂ ಹೋಗಿ ಬಂದರು. 2006ರಲ್ಲಿ ಮಗಳು ಕಿರಣ್‌ಗೆ ಅದು ಸಿಕ್ಕಿತು. ಆ ತಾಯಿ ಮಗಳು ಈ ಬಾಗಿಲಲ್ಲಿ ನಿಂತಿದ್ದರೆ ಏನಂತ ಹೇಳುತ್ತಿದ್ದರು? ಯಾವ ದೇಸಾಯರ್ರಿ?

ವಾಪಸ್ ಬರುವಾಗ ಆಟೋದವರು ಮಗಳ ಸುದ್ದಿ ತೆಗೆದರು. ಪರೀಕ್ಷೆ ಬರೆದು ಆರನೇ ಕ್ಲಾಸಿಗೆ ವಸತಿ ಶಾಲೆ ಸೇರಿದ್ದಾಳಂತೆ. “ಮೊರಾರ್ಜಿ ದೇಸಾಯಿ ಸಾಲಿಯೊಳಗ ಸೀಟ್ ಸಿಕ್ಕದ್ರಿ ಅಕ್ಕಾರ” ಅಂದರು. ಎಷ್ಟು ಖುಷಿ ಆ ಮಾತಿನಲ್ಲಿ! ಗುಜರಾತಿನ ಒಬ್ಬ ಪ್ರಧಾನಿಯ ಅಡ್ಡಹೆಸರು ಇಲ್ಲಿ ಬಡವರ ಮಕ್ಕಳಿಗೆ ಊಟ, ಹಾಸಿಗೆ, ಪುಸ್ತಕ ಆಗಿದೆ. ನನ್ನ ಹೆಸರೂ ದೇಸಾಯಿ ಅಂತ ಅವರಿಗೆ ಹೇಳಬೇಕು ಅನ್ನಿಸಿತು. ಬಾಯಿ ಬರಲಿಲ್ಲ. ಆ ಚಹಾ ಇನ್ನೂ ನಾಲಿಗೆ ಮೇಲಿತ್ತು.

ನಾಳೆ ಅಡ್ವಾನ್ಸ್ ಕೊಡಬೇಕು. ನಮ್ಮ ಮನೆಯವರು ದುಡ್ಡು ತೆಗೆದಿಟ್ಟಿದ್ದಾರೆ. ಬೇರೆ ಮನೆ ನೋಡೋಣ ಅಂತ ರಾತ್ರಿ ಹೇಳಿದೆ. ಯಾಕೆ ಅಂತ ಅವರು ಕೇಳಲಿಲ್ಲ.