ಬಿಷಪ್ ಕ್ರೌದರ್ ಊರುಗಳಲ್ಲಿ ಎರಡು ದಿನ

ನೈಜೀರಿಯಾದ ಲಾಗೋಸ್‌ನಲ್ಲಿರುವ ಅಣ್ಣನ ಮನೆಗೆ ಹೋದ ಮಾರನೇ ದಿನವೇ ಅಲ್ಲಿನ ಯೊರೂಬ ಭಾಷೆ ಮಾತಾಡೋಕೆ ಹೋಗಿ ನಗೆಪಾಟಲಾದೆ. ಗಾಡಿ ಎಲ್ಲಿ ಅಂತ ಕೇಳಲು ಡ್ರೈವರ್‌ಗೆ ‘ಒಕೊ ದಾ?’ ಅಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಅದು ನಿಮಗೇ ಗೊತ್ತಿರಬೇಕಲ್ವಾ ಮೇಡಂ?’ ಕೊನೆಯ ಸ್ವರ ಇಳಿಸಿದರೆ ಗಾಡಿ, ಮಟ್ಟಸವಾಗಿ ಬಿಟ್ಟರೆ ಗಂಡ, ಏರಿಸಿದರೆ ಗುದ್ದಲಿ. ನಾನು ಗಂಡನನ್ನು ಹುಡುಕುತ್ತಿದ್ದೆ!

ಇಂಥ ಭಾಷೆಯನ್ನು ಪುಸ್ತಕಕ್ಕೆ ಇಳಿಸಿದವರು ಸ್ಯಾಮ್ಯುಯೆಲ್ ಅಜಾಯಿ ಕ್ರೌದರ್. ಪಾದ್ರಿ, ಮೇಷ್ಟ್ರು, 1864ರಿಂದ ಬಿಷಪ್. ಅವರ ಯೊರೂಬ ಪದಕೋಶ ಬಂದದ್ದು 1843ರಲ್ಲಿ, ನಮ್ಮ ‘ಮಂಗಳೂರ ಸಮಾಚಾರ’ ಶುರುವಾದ ವರ್ಷ. ಆದರೆ ಆ ಪತ್ರಿಕೆ ತಂದ ಪಾದ್ರಿ ಮೋಗ್ಲಿಂಗ್ ಜರ್ಮನಿಯಿಂದ ಬಂದು ಕನ್ನಡ ಕಲಿತವರು. ಕ್ರೌದರ್‌ಗೆ ಯೊರೂಬ ಮನೆಮಾತು.

ಮೊದಲು ಬಡಗ್ರಿಗೆ ಹೋದೆವು. ಬೆನಿನ್ ಗಡಿ ಕಡೆಯ ಊರು. ರಸ್ತೆ ಬಗ್ಗೆ ನಾನೇನೂ ಹೇಳೋದಿಲ್ಲ, ನನ್ನ ಬೆನ್ನನ್ನೇ ಕೇಳಿ. ಹಿನ್ನೀರಿನ ಎದುರಿಗೆ ಹಳೇ ಮಿಷನ್ ಮನೆ ಇದೆ. ನೈಜೀರಿಯಾದ ಮೊದಲ ಮಹಡಿ ಮನೆ ಅಂತ ಅದಕ್ಕೆ ಹೆಸರು. ಕ್ರೌದರ್ 1845ರಲ್ಲಿ ಬಡಗ್ರಿಗೆ ಬಂದಾಗ ಹೊರಟಿದ್ದು ಅಬೆಯೊಕುಟಾಕ್ಕೆ. ಅಷ್ಟರಲ್ಲಿ ಅಲ್ಲಿನ ನಾಯಕ ಸೊಡೆಕೆ ತೀರಿಕೊಂಡಿದ್ದ. ಒಂದೂವರೆ ವರ್ಷ ಇಲ್ಲೇ ಕಾಯಬೇಕಾಯಿತು. ಇದೇ ಊರಿಂದ ಸಾವಿರಾರು ಜನರನ್ನು ಗುಲಾಮರ ಹಡಗಿಗೆ ಹತ್ತಿಸಿದ್ದರು. ಕ್ರೌದರ್ ಕೂಡ ಹಾಗೆ ಮಾರಾಟವಾದ ಹುಡುಗ. 1821ರಲ್ಲಿ ಒಸೋಗುನ್ ಹಳ್ಳಿ ಮೇಲೆ ದಾಳಿಯಾಯಿತು. ಕೈಯಿಂದ ಕೈಗೆ ಬದಲಾಗಿ, ಕೊನೆಗೆ ಲಾಗೋಸ್‌ನಲ್ಲಿ ಪೋರ್ಚುಗೀಸರ ಹಡಗು ಹತ್ತಿದ. 1822ರ ಏಪ್ರಿಲ್‌ನಲ್ಲಿ ಬ್ರಿಟಿಷ್ ನೌಕೆಯೊಂದು ಅದನ್ನು ಹಿಡಿದು, ಹುಡುಗನನ್ನು ಸಿಯೆರಾ ಲಿಯೋನ್‌ನ ಫ್ರೀಟೌನ್‌ನಲ್ಲಿ ಇಳಿಸಿತು. ಓದು, ದೀಕ್ಷೆ ಎಲ್ಲ ಆಮೇಲಿನದು.

ಮಾರನೇ ದಿನ ಅಬೆಯೊಕುಟಾ. ಹೆಸರಿನ ಅರ್ಥವೇ ‘ಬಂಡೆಯ ಕೆಳಗೆ’. ಒಲುಮೊ ಬಂಡೆ ಹತ್ತಿ ನೋಡಿದರೆ ಕೆಳಗೆ ತುಕ್ಕು ಹಿಡಿದ ತಗಡಿನ ಮಾಡುಗಳು, ಕಣ್ಣು ಹಾಯುವಷ್ಟು ದೂರ. 1846ರ ಆಗಸ್ಟ್‌ನಲ್ಲಿ, ಇಪ್ಪತ್ತೈದು ವರ್ಷಗಳ ನಂತರ, ಕ್ರೌದರ್ ಈ ಊರಲ್ಲಿ ತಾಯಿ ಅಫಾಲಾಳನ್ನು ಕಂಡರು. ಇಬ್ಬರಿಗೂ ಮಾತು ಹೊರಡಲಿಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಕರೆಯುತ್ತಿದ್ದ ಮುದ್ದಿನ ಹೆಸರುಗಳಿಂದ ತಾಯಿ ಕರೆದಳಂತೆ. ಎಷ್ಟೋ ಮನೆಗಳಿಂದ ಶಬ್ದ ಹೆಕ್ಕಿ ಬರೆದ ಮನುಷ್ಯನಿಗೆ ಆ ಶಬ್ದಗಳು ಹೇಗೆ ಕೇಳಿಸಿರಬೇಡ!

ಇಳಿಯುವಾಗ ಡ್ರೈವರ್ ಜೊತೆ ಮಾತು ಎಶು ಕಡೆ ತಿರುಗಿತು. ಯೊರೂಬರ ನಂಬಿಕೆಯಲ್ಲಿ ಎಶು ದೇವರುಗಳ ದೂತ. ಮೂರು ದಾರಿ ಕೂಡುವಲ್ಲಿ ಇರುವವನು. ಮನುಷ್ಯರನ್ನು ಪರೀಕ್ಷೆ ಮಾಡ್ತಾನೆ, ಬಲಿಯಲ್ಲಿ ತನ್ನ ಪಾಲು ಕೇಳ್ತಾನೆ. ಕ್ರೌದರ್ ಬೈಬಲ್ ಅನುವಾದ ಮಾಡುವಾಗ ಸೈತಾನನಿಗೆ ಈ ಹೆಸರನ್ನೇ ಇಟ್ಟರು. ‘ಎಶು ಸೈತಾನ ಅಲ್ಲ’ ಅಂತ ಹಳೆಯ ಧರ್ಮದವರು ಇವತ್ತಿಗೂ ವಾದಿಸುತ್ತಾರೆ. ನನಗೂ ಅವರ ಮಾತೇ ಸರಿ ಅನಿಸುತ್ತದೆ. ಗಾದೆಗಳನ್ನು ಅಷ್ಟು ಜೋಪಾನವಾಗಿ ಕೂಡಿಟ್ಟವರು ಇಲ್ಲಿ ಯಾಕೆ ಅವಸರ ಮಾಡಿದರೋ. ಪಾದ್ರಿಯ ಕಿವಿ ಮೇಷ್ಟ್ರ ಕಿವಿಗಿಂತ ಜೋರಾಗಿತ್ತೇನೋ.

‘ನಮ್ಮಜ್ಜ ಊರ ಕೂಡುದಾರಿಯ ಎಶು ಕಲ್ಲಿಗೆ ತಾಳೆಣ್ಣೆ ಸುರೀತಿದ್ದ. ನಾನು ಭಾನುವಾರ ಚರ್ಚಿನಲ್ಲಿ ಅದೇ ಎಶುವನ್ನು ಓಡಿಸಪ್ಪಾ ಅಂತ ಪ್ರಾರ್ಥನೆ ಮಾಡ್ತೀನಿ’ ಅಂದರು ಡ್ರೈವರ್.

‘ಮತ್ತೆ ಅಜ್ಜ?’

ಅವರು ಉತ್ತರ ಕೊಡಲಿಲ್ಲ. ಊಟದ ಅಂಗಡಿ ಮುಂದೆ ಗಾಡಿ ನಿಲ್ಲಿಸಿದರು. ಅಮಲಾ ಬಂತು, ಒಣಗಿಸಿದ ಯಾಮ್ ಗೆಡ್ಡೆಯ ಹಿಟ್ಟಿನ ಕಂದು ಮುದ್ದೆ. ಜೊತೆಗೆ ಲೋಳೆಲೋಳೆ ಸೊಪ್ಪಿನ ಸಾರು. ನಾನು ಮುರಿದು, ಅದ್ದಿ, ಅಗಿಯದೆ ನುಂಗಿದೆ. ‘ಯಾರು ಹೇಳಿಕೊಟ್ಟರು?’ ಅಂತ ಅವರು ಬೆರಗಾದರು.