ಒಂದು ಕರಕಿ ಎಲ್ಲಿಗೆ ಮುಗಿಯುತ್ತದೆ?

ಮಾನ್ವಿಯ ನಮ್ಮ ಮನೆಯ ಮಾಳಿಗೆ ಮೇಲೆ ಹನ್ನೆರಡು ಡಬ್ಬಿ ಇಟ್ಟಿದ್ದೇನೆ. ಎರಡೆರಡರ ಜೋಡಿ. ಎಲ್ಲದರಲ್ಲೂ ಹೊಳೆಯ ಮರಳು, ಅದರಲ್ಲಿ ಕರಕಿ. ಬೇರೆ ಕಡೆ ಗರಿಕೆ ಅಂತಾರಲ್ಲ, ಅದೇ. ಒಂದು ಡಬ್ಬಿಯ ತಾಯಿ ಗಿಡದಿಂದ ಹೊರಟ ಬಳ್ಳಿ ಪಕ್ಕದ ಡಬ್ಬಿಗೆ ಇಳಿದು ಬೇರು ಬಿಟ್ಟಿದೆ. ಮೂರು ಜೋಡಿಯಲ್ಲಿ ಆ ಬಳ್ಳಿಯನ್ನು ಬ್ಲೇಡಿನಿಂದ ಕತ್ತರಿಸಿದೆ. ಉಳಿದ ಮೂರನ್ನು ಹಾಗೇ ಬಿಟ್ಟೆ. ನೀರು ತಾಯಿ ಡಬ್ಬಿಗೆ ಮಾತ್ರ.

ಈ ಹುಚ್ಚು ಹತ್ತಿದ್ದು ಕಾರವಾರದ ಕಡೆಗೆ ಹೋದಾಗ. ಅಲ್ಲಿನ ಮರಳು ದಿಬ್ಬದ ಮೇಲೆ ರಾವಣನ ಮೀಸೆ ಎಂಬ ಹುಲ್ಲು ಬೆಳೆಯುತ್ತದೆ. ಎಲೆಯ ತುದಿ ಸೂಜಿಯ ಹಾಗೆ ಚುಚ್ಚುತ್ತದೆ. ದೂರದಿಂದ ಎಣಿಸಿ ನಲವತ್ತು ಗಿಡ ಎಂದು ಬರೆದುಕೊಂಡೆ. ಆಮೇಲೆ ಒಂದು ಬುಡದ ಮರಳು ಸರಿಸಿದೆ. ಬೆರಳು ದಪ್ಪದ ಬಳ್ಳಿ ಸಿಕ್ಕಿತು. ಅದನ್ನೇ ಹಿಡಿದು ಮೊಣಕಾಲಿನ ಮೇಲೆ ಮುಂದೆ ಹೋದೆ. ಗೆಣ್ಣಿನಲ್ಲಿ ಬೇರು, ಗೆಣ್ಣಿನಲ್ಲೇ ಚಿಗುರು. ಹನ್ನೊಂದು ಬುಡ ದಾಟಿದರೂ ಬಳ್ಳಿ ಮುಗಿಯಲಿಲ್ಲ. ನಲವತ್ತನ್ನು ಹೊಡೆದುಹಾಕಿದೆ.

ಈ ಹುಲ್ಲಿನಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಒಂದೇ ಗಿಡ ಹಬ್ಬಿದ ಕಡೆ ಹೂವೆಲ್ಲ ಒಂದೇ ಬಗೆ. ಮರಳು ಮುಚ್ಚಿದರೆ ಮೇಲಕ್ಕೆ ಚಿಗುರಿ ಮತ್ತೆ ಬೇರು ಬಿಡುತ್ತದೆ, ದಿಬ್ಬವೂ ಜೊತೆಗೇ ಏರುತ್ತದೆ. ಯುರೋಪಿನ ಮರಳು ದಿಬ್ಬಗಳಲ್ಲಿ ಹೀಗೇ ಹಬ್ಬುವ ಮ್ಯಾರಮ್ ಹುಲ್ಲಿನ ಬಗ್ಗೆ 2019ರಲ್ಲಿ ಒಂದು ಅಧ್ಯಯನ ಬಂತು. ಅದರ ಚಿಗುರುಗಳು ಹೆಚ್ಚಾಗಿ ಹತ್ತಿರ ಹತ್ತಿರವೇ ಏಳುತ್ತವೆ, ನಡುವೆ ಎಲ್ಲೋ ಒಂದು ದೂರದ ಹೆಜ್ಜೆ. ಹಾಗೆ ಹಬ್ಬಿದರೆ ಸ್ವಲ್ಪ ಚಿಗುರಿನಲ್ಲೇ ಜಾಸ್ತಿ ಮರಳು ಹಿಡಿಯಬಹುದಂತೆ. ಓದಿ ರಾತ್ರಿ ನಿದ್ದೆ ಬರಲಿಲ್ಲ.

ಒಂಬತ್ತನೇ ದಿನ ಮಾಳಿಗೆಗೆ ಹೋದೆ. ಬಳ್ಳಿ ಕತ್ತರಿಸಿದ ಮೂರೂ ಮರಿಗಳ ಎಲೆ ಸುರುಳಿ ಸುತ್ತಿ ಬೂದಿ ಬಣ್ಣಕ್ಕೆ ತಿರುಗಿದ್ದವು. ಕತ್ತರಿಸದ ಮೂರೂ ಒಣ ಮರಳಿನಲ್ಲಿ ಹಸಿರಾಗಿದ್ದವು. ಆ ಸಣ್ಣ ಬಳ್ಳಿಯೊಳಗೆ ನೀರು ನಡೆದಿತ್ತು!

ಅಪ್ಪನನ್ನು ಕರೆದು ತೋರಿಸಿದೆ.

"ಮತ್ತ ಹೊಲದಾಗ ಕಡದ್ರ ಯಾಕ ಸಾಯಂಗಿಲ್ಲವ್ವ?" ಎಂದರು.

ಹಸಿ ಎರೆ ಮಣ್ಣಿನಲ್ಲಿ ಗೆಣ್ಣಿರುವ ತುಂಡು ಒಣಗುವ ಮೊದಲೇ ಬೇರು ಬಿಡುತ್ತದೆ ಎಂದೆ. ಕುಂಟೆ ಹೊಡೆದಾಗ ಒಂದು ಬಳ್ಳಿ ಹತ್ತಾಗಿ ಹೊಲ ತುಂಬ ಹರಡುತ್ತದೆ. ಅಪ್ಪ ಡಬ್ಬಿ ಎತ್ತಿ ಬಹಳ ಹೊತ್ತು ನೋಡಿದರು.

ಮರುದಿನ ಕುಂಟೆಯ ಹಿಂದೆ ಬುಟ್ಟಿ ಹಿಡಿದು ನಡೆದರು. ಆರಿಸಿದ ತುಂಡುಗಳನ್ನು ಬದುವಿನ ಬಂಡೆ ಮೇಲೆ ಬಿಸಿಲಿಗೆ ಹರವಿದರು.